ನಸುಕಿನಲ್ಲಿ ಚಾಲೂ ಆಗದ ಗಾಡಿ: ‘ವಿದ್ಯುಚ್ಛಕ್ತಿ’ ಘಟಕದ ಒಂದು ಪಾಠ

ಶಿರಹಟ್ಟಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸ ಮಾಡುವಾಗ ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕ ನನ್ನ ಪಾಲಿಗೆ ಬಂದಿತ್ತು. ಓಮ್‌ನ ನಿಯಮದ ಲೆಕ್ಕಗಳನ್ನು ಮಕ್ಕಳು ಸರಿಯಾಗಿಯೇ ಬಿಡಿಸುತ್ತಿದ್ದರು. ಆದರೆ ರೋಧವೆಂದರೆ ಅವರಿಗೆ ಚಿತ್ರದಲ್ಲಿನ ಅಂಕುಡೊಂಕು ಗೆರೆ ಮಾತ್ರ. ಎರಡು ಲೋಹ ಕೂಡುವ ಜಾಗದಲ್ಲೂ ರೋಧ ಇರುತ್ತದೆಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ಡಿಸೆಂಬರ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ದಿನಾ ತಡವಾಗಿ ಬರತೊಡಗಿದಳು. ಕೇಳಿದೆ. “ನಮ್ಮಪ್ಪನ ಗೂಡ್ಸ್ ಗಾಡಿ ನಸುಕಿನ್ಯಾಗ ಚಾಲೂ ಆಗಂಗಿಲ್ರಿ ಸರ್, ಎಲ್ಲಾರೂ ನೂಕಬೇಕು. ಮಧ್ಯಾಹ್ನ ಹಚ್ಚಿದ್ರ ಒಮ್ಮೆಲೇ ಆಗ್ತೈತಿ. ಯಾಕ್ರಿ?” ಗಾಡಿ ತಡವಾದರೆ ಕಾಯಿಪಲ್ಲೆ ಗದಗ ಮಾರ್ಕೆಟ್ ಮುಟ್ಟುವಷ್ಟರಲ್ಲಿ ಸವಾಲು ಮುಗಿದಿರುತ್ತದೆ. ಹೊಸ ಬ್ಯಾಟರಿಗೆ ಐದು ಸಾವಿರ ಬೇಕೆಂದು ಮೆಕ್ಯಾನಿಕ್ ಹೇಳಿದ್ದನಂತೆ.

ನಮ್ಮ ಕಡೆ ಚಳಿ ಅಂಥದ್ದೇನಲ್ಲ, ನಸುಕಿಗೆ 15 ಡಿಗ್ರಿಯ ಆಸುಪಾಸು. ಆದರೂ ಅದು ಎರಡು ಕಡೆಯಿಂದ ಹಿಡಿಯುತ್ತದೆ. ಎಂಜಿನ್ ಆಯಿಲ್ ದಪ್ಪಗಾಗಿ ಸ್ಟಾರ್ಟರ್ ಮೋಟಾರು ಹೆಚ್ಚು ಪ್ರವಾಹ ಎಳೆಯುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದರ ಒಳರೋಧ ಏರುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ, ಒತ್ತಿದ ಗಾಳಿಯ ಬಿಸಿಯಿಂದಲೇ ಇಂಧನ ಹೊತ್ತಬೇಕು. ನಿಧಾನ ತಿರುಗಿದರೆ ಆ ಬಿಸಿ ಸಾಲದು.

ತರಗತಿಯಲ್ಲಿ ಮೂರು ಟಾರ್ಚ್ ಸೆಲ್ಲು, ಮೂರು ಬಲ್ಬು, ಸುಮಾರು 1 ಓಮ್‌ನ ನೈಕ್ರೋಮ್ ತಂತಿಯ ತುಂಡು ತೆಗೆದುಕೊಂಡೆವು. ತಂತಿಯ ತುಂಡೇ ನಮ್ಮ ‘ಹೊಲಸು ಜೋಡಣೆ’. ಒಂದು ಬಲ್ಬು ಹಚ್ಚಿದಾಗ ತುಂಡಿನ ಎರಡು ತುದಿಗಳ ನಡುವೆ ವೋಲ್ಟ್‌ಮೀಟರು ಸುಮಾರು 0.3 ತೋರಿಸಿತು. ಮೂರನ್ನೂ ಸಮಾಂತರವಾಗಿ ಸೇರಿಸಿದಾಗ 0.8ರ ಹತ್ತಿರ ಬಂತು, ಬಲ್ಬುಗಳು ಮಂಕಾದವು. ತುಂಡು ಅದೇ, ಪ್ರವಾಹ ಹೆಚ್ಚು, ನಷ್ಟ ಹೆಚ್ಚು. “ಮಧ್ಯಾಹ್ನ ಒಂದ ಬಲ್ಬು, ನಸುಕಿನ್ಯಾಗ ಮೂರು ಬಲ್ಬು” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಅಂದ. ನನ್ನ ಪಾಠಯೋಜನೆಯಲ್ಲಿ ಇಷ್ಟು ಚೆಂದದ ವಾಕ್ಯ ಇರಲಿಲ್ಲ.

ಮರುದಿನ ನಸುಕಿನಲ್ಲಿ ಶಾಲೆಯ ಮಲ್ಟಿಮೀಟರು ಹಿಡಿದು ಅವರ ಮನೆಗೆ ಹೋದೆ. ಸುಮ್ಮನಿದ್ದಾಗ ಬ್ಯಾಟರಿ 12.5 ವೋಲ್ಟ್. ಗೇರ್ ನ್ಯೂಟ್ರಲ್ ಮಾಡಿ ಅವರಪ್ಪ ಸೆಲ್ಫ್ ಹೊಡೆದಾಗ 10.4. ಅಂದರೆ ಬ್ಯಾಟರಿ ಸತ್ತಿಲ್ಲ. ಆಗ ಅದು 9.6ಕ್ಕಿಂತ ಕೆಳಗೆ ಇಳಿದಿದ್ದರೆ ಸಂಶಯಪಡಬೇಕಿತ್ತು. ಆದರೆ ಧನ ತುದಿಯ ಸೀಸದ ಕಂಬಕ್ಕೂ ಅದಕ್ಕೆ ಹಾಕಿದ ಕ್ಲಾಂಪಿಗೂ ನಡುವೆಯೇ 2.1 ವೋಲ್ಟ್! ಅಲ್ಲಿ ಬಿಳಿ-ಹಸಿರು ಪದರ ಕೂತಿತ್ತು, ಕ್ಲಾಂಪ್ ಮುಟ್ಟಿದರೆ ಬಿಸಿ. ಮೋಟಾರಿಗೆ ಉಳಿದದ್ದು 8.3 ವೋಲ್ಟ್. ಋಣ ತುದಿಯನ್ನು ಮೊದಲು ಬಿಚ್ಚಿ, ಅಡಿಗೆ ಸೋಡಾ ಕಲಸಿದ ಬಿಸಿನೀರು, ತಂತಿ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಬಿಗಿದು, ಮೇಲೆ ಗ್ರೀಸ್ ಸವರಿದರು. ನಷ್ಟ 0.2ಕ್ಕೆ ಇಳಿಯಿತು, ಗಾಡಿ ಎರಡನೇ ಸೆಲ್ಫಿಗೆ ಚಾಲೂ ಆಯಿತು.

ಈ ಅಂಕಿಗಳನ್ನೇ ತರಗತಿಗೆ ಲೆಕ್ಕವಾಗಿ ಕೊಟ್ಟೆ. ಪ್ರವಾಹ 150 ಆಂಪಿಯರ್ ಎಂದಿಟ್ಟುಕೊಂಡರೆ ಆ ಜೋಡಣೆಯ ರೋಧ 0.014 ಓಮ್, ಅಲ್ಲಿ ಬಿಸಿಯಾಗಿ ಹೋಗುವ ಸಾಮರ್ಥ್ಯ 315 ವ್ಯಾಟ್. ಇಷ್ಟು ಸಣ್ಣ ರೋಧ ಗಾಡಿ ನಿಲ್ಲಿಸುತ್ತದೆಂದು ಮಕ್ಕಳು ನಂಬಲು ಎರಡು ಸಲ ಗುಣಿಸಿ ನೋಡಿದರು.

ಸೈನ್ಯದಲ್ಲಿರುವ ಅಣ್ಣನ ಮಾತು ಕೇಳಿದ್ದ ಹುಡುಗ ಲಡಾಖ್ ವಿಷಯ ಎತ್ತಿದ. ಅಲ್ಲಿ ಡೀಸೆಲ್‌ನೊಳಗಿನ ಮೇಣವೇ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಅದಕ್ಕೆಂದೇ ಇಂಡಿಯನ್ ಆಯಿಲ್ 2019ರಲ್ಲಿ -33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಅದನ್ನು ಮುಂದಿನ ಅವಧಿಗೆ ಇಟ್ಟೆ.

ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಮಾತು: ಗಾಡಿಯ ಬ್ಯಾಟರಿಯನ್ನು ತರಗತಿಗೆ ತರಬೇಡಿ. ಒಳಗೆ ಗಂಧಕಾಮ್ಲ, ಚಾರ್ಜ್ ಆಗುವಾಗ ಹೈಡ್ರೋಜನ್. ಒಂದು ಕಿಡಿ ಸಾಕು. ಟಾರ್ಚ್ ಸೆಲ್ಲಿನಿಂದಲೇ ಎಲ್ಲ ತೋರಿಸಬಹುದು, ಪ್ರಯೋಗಕ್ಕೆ ಒಂದು ಪೂರ್ತಿ ಅವಧಿ ಇಟ್ಟುಕೊಳ್ಳಿ.