ಆರೋಗ್ಯ ಪ್ರಶ್ನೋತ್ತರ: ಬಿಸಿಲೂರಿಗೆ ಬಂದಾಗ ಊಟ ಎಲ್ಲಿ, ನೀರು ಎಲ್ಲಿ?

ಪ್ರಶ್ನೆ: ನಾವು ಕೆಲವು ಶಿಕ್ಷಕರು ಮಕ್ಕಳನ್ನು ಕರೆದುಕೊಂಡು ಮೂರು ದಿನ ನಿಮ್ಮ ಕಡೆ ಬರುತ್ತಿದ್ದೇವೆ. ಮಸ್ಕಿಯ ಅಶೋಕನ ಶಾಸನ, ಮುದಗಲ್ಲ ಕೋಟೆ ನೋಡಿ ಸಿಂಧನೂರಿನಲ್ಲಿ ತಂಗುತ್ತೇವೆ. ಹೋದ ಸಲದ ಪ್ರವಾಸದಲ್ಲಿ ಅರ್ಧ ಬಸ್ಸಿಗೆ ವಾಂತಿಭೇದಿಯಾಗಿ ಬಹಳ ಪಾಡುಪಟ್ಟೆವು. ಎಲ್ಲಿ ಉಣ್ಣಬೇಕು, ಏನು ಕುಡಿಯಬೇಕು?
– ಒಬ್ಬ ಶಿಕ್ಷಕಿ, ದಾವಣಗೆರೆ

ಉತ್ತರ: ಬನ್ನಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಂಡ ಆ ಬಂಡೆಯ ಮೇಲೆ ಅಶೋಕನ ಹೆಸರೇ ಕೊರೆದಿದೆ. ಮಕ್ಕಳು ಅದನ್ನು ಕಣ್ಣಾರೆ ನೋಡಲೇಬೇಕು. ಆದರೆ ಗುಡ್ಡಕ್ಕೆ ಬೆಳಿಗ್ಗೆಯೇ ಹೋಗಿಬಿಡಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಬಂಡೆ ಕಾದ ಮೇಲೆ ನೆರಳು ಸಿಗುವುದಿಲ್ಲ.

ಹೋಟೆಲಿನ ಹೆಸರು ಬರೆಯುವುದಿಲ್ಲ. ಇಂದಿನ ಅಡುಗೆಯವರು ಮುಂದಿನ ತಿಂಗಳು ಅಲ್ಲಿ ಇರುತ್ತಾರೆಂಬ ಖಾತ್ರಿ ಇಲ್ಲ. ಯಾವ ಅಂಗಡಿಗೆ ಹೊಕ್ಕರೂ ಏನು ನೋಡಬೇಕು ಎಂದು ಹೇಳುತ್ತೇನೆ. ಕುಳಿತುಕೊಳ್ಳುವ ಮೊದಲು ನೀರು ತರುವ ಹುಡುಗನ ಕೈ ನೋಡಿ. ನಾಲ್ಕು ಗ್ಲಾಸಿನೊಳಗೆ ನಾಲ್ಕು ಬೆರಳು ಇಳಿಸಿ ಒಂದೇ ಹಿಡಿತದಲ್ಲಿ ಎತ್ತಿಕೊಂಡು ಬಂದನೆಂದರೆ ಆ ನೀರು ಮುಟ್ಟಬೇಡಿ. ನೀರು ಶುದ್ಧ ಘಟಕದ್ದೇ ಇರಬಹುದು, ಬೆರಳು ಶುದ್ಧವಲ್ಲ. ಹೊಟ್ಟೆ ಕೆಟ್ಟು ನನ್ನ ಹತ್ತಿರ ಬರುವ ಪ್ರಯಾಣಿಕರು ಮಿರ್ಚಿಯನ್ನೋ ಖಾರವನ್ನೋ ಬೈಯುತ್ತಾರೆ. ಕುದಿಯುವ ಎಣ್ಣೆಯಿಂದ ಎತ್ತಿದ ಮಿರ್ಚಿಯಲ್ಲಿ ರೋಗಾಣು ಬದುಕುವುದಿಲ್ಲ. ಅದರ ಜೊತೆ ಕೊಟ್ಟ ಹಸಿ ಉಳ್ಳಾಗಡ್ಡಿ, ನೀರು ಬೆರೆಸಿದ ಚಟ್ನಿ, ಮೇಲೆ ಕುಡಿದ ಐಸು ಹಾಕಿದ ಕಬ್ಬಿನ ಹಾಲು, ಇವುಗಳನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.

ಊಟಕ್ಕೆ ಖಾನಾವಳಿಯೇ ಒಳ್ಳೆಯದು. ಒಳಗೆ ಕಣ್ಣಿಗೆ ಕಾಣುವ ಹಾಗೆ ಹೆಣ್ಣುಮಗಳೊಬ್ಬಳು ಜೋಳದ ಹಿಟ್ಟು ನಾದಿ ತಟ್ಟುತ್ತಿರಬೇಕು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ ಮಗುಚಿದಾಗ ಅದು ಉಬ್ಬಿ ಉಸಿರು ಬಿಡುತ್ತದಲ್ಲ, ಆ ರೊಟ್ಟಿಯನ್ನು ಬಿಸಿಬಿಸಿ ಇರುವಾಗಲೇ ಪುಂಡಿಪಲ್ಲೆ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯದ ಜೊತೆ ತಿನ್ನಿ. ದಾರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಸಿಕೊಳ್ಳಿ. ಒಣರೊಟ್ಟಿಯಲ್ಲಿ ತೇವವೇ ಇಲ್ಲದ್ದರಿಂದ ರೋಗಾಣು ಬೆಳೆಯಲು ಜಾಗವಿಲ್ಲ. ನಮ್ಮ ಅಜ್ಜಿಯರು ಹೊಲಕ್ಕೂ ಜಾತ್ರೆಗೂ ಅದನ್ನೇ ಕಟ್ಟಿಕೊಟ್ಟದ್ದು ಸುಮ್ಮನೆ ಅಲ್ಲ. ಚಟ್ನಿಪುಡಿ ಕಹಿಯಾಗಿದ್ದರೆ, ಮುಗ್ಗಲು ವಾಸನೆ ಹೊಡೆದರೆ ಮಾತ್ರ ಚೆಲ್ಲಿಬಿಡಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಲಿವರಿಗೆ ಕೆಟ್ಟದ್ದಾದ ವಿಷ ಹುಟ್ಟುತ್ತದೆ.

ಈಗ ಅನ್ನದ ಮಾತು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಊರಾಯಿತು. ಇಲ್ಲಿ ಅನ್ನಕ್ಕೆ ಕೊರತೆಯಿಲ್ಲ, ಉಳಿದ ಅನ್ನಕ್ಕೂ ಕೊರತೆಯಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕಣಗಳು ಇರುತ್ತವೆ, ಅವು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕುಳಿತರೆ ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿಯ ಅನ್ನ ಬೆಳಿಗ್ಗೆ ಒಗ್ಗರಣೆ ಬಿದ್ದು ಚಿತ್ರಾನ್ನವಾಗುತ್ತದೆ, ಘಮಘಮ ಅನ್ನುತ್ತದೆ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. ನಿಮ್ಮ ಅರ್ಧ ಬಸ್ಸು ಒಟ್ಟಿಗೇ ಮಲಗಿತ್ತಲ್ಲ, ನನಗೆ ಅನುಮಾನ ಇಂಥದ್ದೇ ಮೇಲೆ. ಮಕ್ಕಳಿಗೆ ಬೆಳಿಗ್ಗೆ ಅನ್ನದ ತಿಂಡಿ ಬೇಡ. ಇಡ್ಲಿ ಹಬೆಯಿಂದ ಇಳಿದದ್ದಿರಲಿ, ಮಂಡಕ್ಕಿ ಒಗ್ಗರಣೆ ಆಗಷ್ಟೇ ಕಲಸಿದ್ದಿರಲಿ. ಬಸ್ಸಿನಲ್ಲಿ ಕಟ್ಟಿಕೊಂಡ ಬೆಂದ ಊಟ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಉಳಿಯಬಾರದು.

ಸಿಂಧನೂರಿನಲ್ಲಿ ಆಂಧ್ರದ ರೈತರ ಕ್ಯಾಂಪುಗಳ ರುಚಿಯೂ ಇದೆ. ಪೂರ್ವ ಪಾಕಿಸ್ತಾನದಿಂದ ಬಂದು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ನಿಂತ ಬಂಗಾಳಿ ಕುಟುಂಬಗಳ ಮೀನಿನ ಅಡುಗೆಯೂ ಇದೆ. ಮೀನು ತಿನ್ನುವವರು ಮಧ್ಯಾಹ್ನವೇ ತಿನ್ನಿ, ರಾತ್ರಿಗೆ ಉಳಿದದ್ದು ಬೇಡ.

ಪ್ರಶ್ನೆ: ಡಾಕ್ಟರೇ, ಮಗ-ಸೊಸಿ ಜರ್ಮನಿಯಾಗ ಅದಾರ. ಡಿಸೆಂಬರದಾಗ ನಾಕು ಮತ್ತ ಏಳು ವರ್ಷದ ಮೊಮ್ಮಕ್ಕಳನ್ನ ಕರಕೊಂಡು ಬರತಾರ. ಹೋದ ಸಲ ಮೂರನೇ ದಿನಕ್ಕ ಇಬ್ಬರಿಗೂ ಹೊಟ್ಟಿ ಕೆಟ್ಟಿತ್ತು. ಸೊಸಿ ‘ಇಲ್ಲಿ ನೀರೇ ಸರಿ ಇಲ್ಲ’ ಅಂದದ್ದು ಮನಸಿಗೆ ನಾಟೇತಿ. ಖರೇನ ನಮ್ಮ ಬೋರಿನ ನೀರು ಅಷ್ಟು ಕೆಟ್ಟೇನು?
– ಒಬ್ಬ ಅಜ್ಜಿ, ಲಿಂಗಸುಗೂರು ತಾಲ್ಲೂಕು

ಉತ್ತರ: ಅಮ್ಮಾ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ಮಕ್ಕಳು ಅಲ್ಲಿ ನಲ್ಲಿಗೆ ಬಾಯಿ ಹಚ್ಚಿ ಕುಡಿದು ಬೆಳೆದವರು. ನಮ್ಮ ನೀರಿನ ರೋಗಾಣುಗಳ ಪರಿಚಯ ಅವರ ಹೊಟ್ಟೆಗಿಲ್ಲ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಸೊಸೆಯ ತಪ್ಪೂ ಇಲ್ಲ. ಹಾಗಂತ ನೀರಿನ ಚಿಂತೆ ಸಣ್ಣದಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಈ ಜಿಲ್ಲೆಯ ಯಾವ ವೈದ್ಯನೂ ಮರೆತಿಲ್ಲ.

ಮಕ್ಕಳಿಗೆ ಕುದಿಸಿದ ನೀರನ್ನೇ ಕೊಡಿ. ಗುಳ್ಳೆ ಎದ್ದು ಒಂದು ನಿಮಿಷ ಚೆನ್ನಾಗಿ ಕುದ್ದರೆ ಸಾಕು. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ, ಹಿಡಿಕೆಯಿರುವ ಸೌಟಿನಿಂದ ತೆಗೆಯಿರಿ. ಹಲ್ಲುಜ್ಜಲೂ ಅದೇ ನೀರು. ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆ ಹೊರಡುವ ಎರಡು ವಾರ ಮೊದಲೇ ಹಾಕಿಸಲು ಮಗನಿಗೆ ಇವತ್ತೇ ಫೋನು ಮಾಡಿ.

ಇನ್ನೊಂದು ಮಾತು ಮೊಮ್ಮಕ್ಕಳದ್ದಲ್ಲ, ನಿಮ್ಮದು. ನಿಮ್ಮ ತಾಲ್ಲೂಕಿನ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ, ಹಟ್ಟಿ ಚಿನ್ನದ ಗಣಿ ಇರುವ ಈ ಭಾಗದ ಕೆಲವು ಕಡೆ ಆರ್ಸೆನಿಕ್ ಕೂಡ ಸಿಕ್ಕಿದೆ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಕುದಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಗಟ್ಟಿಯಾಗುತ್ತದೆ. ಹತ್ತು ದಿನ ಇದ್ದು ಹೋಗುವ ಮಕ್ಕಳಿಗೆ ಇದರಿಂದ ಏನೂ ಆಗದು. ವರ್ಷಾನುಗಟ್ಟಲೆ ಕುಡಿಯುವ ನಿಮಗೆ, ನಿಮ್ಮ ಓಣಿಯ ಮಕ್ಕಳಿಗೆ ಆಗುತ್ತದೆ. ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ, ಆಮೇಲೆ ಸೊಂಟ, ಮೊಣಕಾಲು ಬಿಗಿಯುತ್ತವೆ. ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕೊಟ್ಟು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕುಡಿಯಲಿಕ್ಕೂ ಬೇಳೆ ಬೇಯಿಸಲಿಕ್ಕೂ ಊರಿನ ಶುದ್ಧ ನೀರಿನ ಘಟಕದ ನೀರೇ ಇರಲಿ. ಕ್ಯಾನನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ.

ಇಷ್ಟಾಗಿಯೂ ಭೇದಿಯಾದರೆ ಓ.ಆರ್.ಎಸ್. ಪುಡಿ. 1971ರಲ್ಲಿ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಸಕ್ಕರೆ-ಉಪ್ಪಿನ ನೀರನ್ನು ಡ್ರಮ್ಮಿನಲ್ಲಿ ಕಲಸಿ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಷ್ಟು ದೊಡ್ಡ ಔಷಧ ಇಷ್ಟು ಅಗ್ಗಕ್ಕೆ ಸಿಗುತ್ತಿರುವಾಗ ಅದನ್ನು ಬಿಟ್ಟು ಬಣ್ಣದ ಪಾನೀಯ ಕೊಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪೊಟ್ಟಣದ ಮೇಲೆ ಒಂದು ಲೀಟರಿಗೋ 200 ಮಿಲಿಗೋ ಎಂದು ಓದಿ ಅಷ್ಟೇ ನೀರಿಗೆ ಪೂರ್ತಿ ಸುರಿಯಿರಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು, ಚಮಚ ಚಹಾದ್ದು. ಭೇದಿ ನಿಲ್ಲಿಸುವ ಗುಳಿಗೆ ಮಕ್ಕಳಿಗೆ ಬೇಡ. ಜಿಂಕ್ ಗುಳಿಗೆ ಕೇಳಿ ಪಡೆಯಿರಿ, 20 ಮಿಲಿಗ್ರಾಂ, ದಿನಕ್ಕೊಂದರಂತೆ 14 ದಿನ. ಮಲದಲ್ಲಿ ರಕ್ತ ಕಂಡರೆ, ಆರು ತಾಸು ಮೂತ್ರ ಆಗದಿದ್ದರೆ, ಕಣ್ಣು ಗುಳಿಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಭತ್ತದ ವ್ಯಾಪಾರಕ್ಕೆ ವಾರಕ್ಕೆರಡು ದಿನ ಸಿಂಧನೂರಿಗೆ ಬರುತ್ತೇನೆ. ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಮಧ್ಯಾಹ್ನದ ಊಟ ಮೂರಾದರೂ ಆಗುತ್ತದೆ, ನಾಲ್ಕಾದರೂ ಆಗುತ್ತದೆ.
– ಒಬ್ಬ ವ್ಯಾಪಾರಿ, ಗಂಗಾವತಿ

ಉತ್ತರ: ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿಸುವುದು ಅಪಾಯ. ನಡುಕ, ಬೆವರು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ತಿನ್ನಿ, ಆಮೇಲೆ ಊಟ. ಬೆಳಿಗ್ಗೆ ಒಗ್ಗರಣೆ-ಮಿರ್ಚಿಯಿಂದ ಹೊಟ್ಟೆ ತುಂಬಿಸಬೇಡಿ. ಮಂಡಕ್ಕಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಎರಡು ಜೋಳದ ರೊಟ್ಟಿ, ಕಾಳುಪಲ್ಯ, ಒಂದು ಬಟ್ಟಲು ಮೊಸರು ನಿಮಗೆ ಸರಿ. ಇನ್ಸುಲಿನ್ನನ್ನು ಕಾರಿನಲ್ಲಿ ಬಿಟ್ಟರೆ ಆ ಕಾವಿಗೆ ಕೆಟ್ಟು ನೀರಾಗುತ್ತದೆ. ಅಡತಿ ಅಂಗಡಿಯಲ್ಲಿ ಒಂದು ಸಣ್ಣ ಮಣ್ಣಿನ ಗಡಿಗೆ ಇಡಿಸಿ, ಹೊರಗೆ ಒದ್ದೆ ಬಟ್ಟೆ ಸುತ್ತಿ, ಒಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪೆನ್ ಇಡಿ.

ಪ್ರಶ್ನೆ: ಏಳು ತಿಂಗಳ ಬಸುರಿ. ಮುದಗಲ್ಲ ಮೊಹರಂಗೆ ತವರಿಗೆ ಹೋಗುತ್ತೇನೆ. ಚೊಂಗೆ, ಶರಬತ್ತು ತೆಗೆದುಕೊಳ್ಳಬಹುದೇ?
– ಓದುಗರು, ಮಸ್ಕಿ

ಉತ್ತರ: ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಮನೆಯಲ್ಲಿ ಕರಿದ ಬಿಸಿ ಚೊಂಗೆ ಒಂದೆರಡು ತಿನ್ನಿ, ತಂಗಿ. ಬೀದಿಯ ಶರಬತ್ತು, ಐಸು ಬೇಡವೇ ಬೇಡ. ನೀರಿನಿಂದ ಬರುವ ಹೆಪಟೈಟಿಸ್ ಇ ಕಾಮಾಲೆ ಬೇರೆಯವರಿಗೆ ಬಂದು ಹೋಗುತ್ತದೆ, ಕೊನೆಯ ಮೂರು ತಿಂಗಳ ಬಸುರಿಗೆ ಜೀವಕ್ಕೆ ಕುತ್ತು ತರಬಲ್ಲದು. ಯಾರಾದರೂ ಪ್ರೀತಿಯಿಂದ ಕೊಟ್ಟರೆ ಗ್ಲಾಸು ಕೈಗೆ ತೆಗೆದುಕೊಂಡು ಪಕ್ಕದವರಿಗೆ ದಾಟಿಸಿ, ಮನೆಯಿಂದ ತಂದ ನೀರು ಕುಡಿಯಿರಿ. ಹಬ್ಬ ಮುಗಿದು ಬಂದ ಎರಡು ತಿಂಗಳೊಳಗೆ ಕಣ್ಣು ಹಳದಿಯಾದರೆ, ಊಟ ಸೇರದೆ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ನಾಟಿ ಔಷಧಕ್ಕೆ ಹೋಗದೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಬನ್ನಿ, ತಾಯಿ ಕಾರ್ಡು ಜೊತೆಗಿರಲಿ.