ಮಗುವಿನ ಮನವಿ ಪತ್ರ: ಐದು ಬೆರಳುಗಳ ಪಾಠ

ಮಕ್ಕಳಿಗೆ ಕೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹೊಸ ಚಪ್ಪಲಿ ಬೇಕೆಂದು ಅಳುತ್ತಾರೆ, ಅಜ್ಜಿಯ ಮನೆಗೆ ಹೋಗಬೇಕೆಂದು ಹಟ ಹಿಡಿಯುತ್ತಾರೆ, ಊಟ ಬಿಟ್ಟು ಮೂಲೆ ಸೇರುತ್ತಾರೆ. ಆದರೆ ಅದೇ ಮಕ್ಕಳ ಮುಂದೆ ಒಂದು ಹಾಳೆ ಇಟ್ಟು, "ಶಾಲೆಯ ನಲ್ಲಿ ಕೆಟ್ಟಿದೆ, ಸರಿಪಡಿಸಿಕೊಡಿ ಎಂದು ಪಂಚಾಯಿತಿಗೆ ಒಂದು ಪತ್ರ ಬರೆಯಿರಿ" ಎಂದು ಹೇಳಿ ನೋಡಿ. ಪೆನ್ಸಿಲ್ ಕಚ್ಚುತ್ತಾ ಕುಳಿತುಬಿಡುತ್ತಾರೆ. ಕೊನೆಗೆ ಗೈಡಿನಲ್ಲಿರುವ ಪತ್ರವನ್ನು ನಕಲು ಮಾಡುತ್ತಾರೆ, ಇಲ್ಲವೆ ಅಪ್ಪ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ.

ಇದು ಮಕ್ಕಳ ದಡ್ಡತನವಲ್ಲ. ಇಂದ, ಗೆ, ಮಾನ್ಯರೇ, ವಿಷಯ, ವಂದನೆಗಳೊಂದಿಗೆ ಎಂಬ ಪತ್ರದ ಚೌಕಟ್ಟನ್ನು ನಾವು ಕಲಿಸುತ್ತೇವೆ. ಆ ಚೌಕಟ್ಟಿನ ಒಳಗೆ ಏನನ್ನು ಇಡಬೇಕು, ಯಾವುದನ್ನು ಮೊದಲು ಹೇಳಬೇಕು ಎಂಬುದನ್ನು ಕಲಿಸುವುದಿಲ್ಲ. ಬರೆಯುವುದಕ್ಕೆ ಮುಂಚೆ ಯೋಚಿಸಬೇಕು. ಆ ಯೋಚನೆಗೆ ನಾಲ್ಕನೇ, ಐದನೇ ತರಗತಿಯ ಮಕ್ಕಳಿಗೆ ಅವರ ಎಡಗೈಯೇ ಸಾಕು.

ಹೆಬ್ಬೆರಳು: ಯಾರಿಗೆ? ಕೆಲಸ ಮಾಡಿಸಿಕೊಡುವ ಅಧಿಕಾರ ಯಾರಿಗಿದೆ ಎಂದು ಮಗು ಮೊದಲು ತಿಳಿಯಬೇಕು. ತರಗತಿಯ ಕಿಟಕಿಯ ವಿಷಯವಾದರೆ ಮುಖ್ಯೋಪಾಧ್ಯಾಯರು. ಹಳ್ಳಿಯ ಬೀದಿದೀಪ, ನೀರಿನ ವಿಷಯವಾದರೆ ಗ್ರಾಮ ಪಂಚಾಯಿತಿ. ಅವರಿಗೆ ಏನು ಮುಖ್ಯ, ಏನು ಕಷ್ಟ ಎಂದೂ ಯೋಚಿಸಲಿ.

ತೋರುಬೆರಳು: ಏನು ಬೇಕು? ಒಂದೇ ಬೇಡಿಕೆ, ಒಂದೇ ವಾಕ್ಯದಲ್ಲಿ. "ನಮ್ಮ ಶಾಲೆಗೆ ಸಹಾಯ ಮಾಡಿ" ಎಂದರೆ ಓದಿದವರಿಗೆ ಏನು ಮಾಡಬೇಕೆಂದು ತಿಳಿಯದು. "ಕೆಟ್ಟಿರುವ ಮೂರು ನಲ್ಲಿಗಳನ್ನು ಬದಲಾಯಿಸಿಕೊಡಿ" ಎಂದರೆ ತಿಳಿಯುತ್ತದೆ.

ನಡುಬೆರಳು: ಏಕೆ? ಇದು ಎಲ್ಲಕ್ಕಿಂತ ಉದ್ದದ ಬೆರಳು, ಇಲ್ಲಿಯೇ ಹೆಚ್ಚು ಹೊತ್ತು ಕಳೆಯಬೇಕು. ಮಕ್ಕಳು ಕಾರಣಗಳನ್ನು ಚೀಟಿಗಳಲ್ಲಿ ಬರೆಯಲಿ, ಒಂದು ಚೀಟಿಗೆ ಒಂದೇ ಕಾರಣ. ಆಮೇಲೆ ಕಾರಣಗಳಿಗೆ ಆಧಾರ ಹುಡುಕಲಿ. "ತುಂಬಾ ತೊಂದರೆ" ಎಂಬುದು ಆಧಾರವಲ್ಲ. ಬಿಸಿಯೂಟದ ನಂತರ ನಲ್ಲಿಯ ಬಳಿ ನಿಂತು ಎಣಿಸಲಿ. ಉದಾಹರಣೆಗೆ, ಶಾಲೆಯಲ್ಲಿ 60 ಮಕ್ಕಳು, ನಾಲ್ಕು ನಲ್ಲಿಗಳಲ್ಲಿ ನೀರು ಬರುವುದು ಒಂದರಲ್ಲಿ, ತಟ್ಟೆ ತೊಳೆಯಲು ಒಬ್ಬರಿಗೆ ಅರ್ಧ ನಿಮಿಷ ಎಂದಿಟ್ಟುಕೊಳ್ಳಿ. ಎಲ್ಲರೂ ತೊಳೆದು ಮುಗಿಸಲು 30 ನಿಮಿಷ ಬೇಕು. ನಾಲ್ಕೂ ಸರಿಯಾದರೆ ಎಂಟು ನಿಮಿಷದೊಳಗೆ ಮುಗಿಯುತ್ತದೆ. ಇಡೀ ಪತ್ರದ ಬಲ ಈ ಸಣ್ಣ ಲೆಕ್ಕದಲ್ಲಿದೆ. ಚೀಟಿಗಳನ್ನು ನೆಲದ ಮೇಲೆ ಹರಡಿ, "ಇವುಗಳಲ್ಲಿ ಯಾವುದು ಪಂಚಾಯಿತಿಯವರಿಗೆ ನಾಟುತ್ತದೆ?" ಎಂದು ಕೇಳಿ. ಎರಡು ಮೂರು ಉಳಿಸಿಕೊಂಡು ಉಳಿದವನ್ನು ಬಿಡಲಿ.

ಉಂಗುರಬೆರಳು: ಅವರು ಏನೆನ್ನಬಹುದು? "ಹಣವಿಲ್ಲ", "ಈಗ ಸಮಯವಿಲ್ಲ" ಎನ್ನಬಹುದು. ಒಬ್ಬ ಮಗು ಅಧಿಕಾರಿಯಾಗಲಿ, ಇನ್ನೊಬ್ಬ ಮಗು ಮನವಿ ಮಾಡಲಿ. ಎದುರಿನವರ ಜಾಗದಲ್ಲಿ ಒಮ್ಮೆ ಕುಳಿತ ಮಗುವಿನ ಪತ್ರದಲ್ಲಿ ಜಗಳದ ದನಿ ಇರುವುದಿಲ್ಲ.

ಕಿರುಬೆರಳು: ನಾವೇನು ಮಾಡುತ್ತೇವೆ? "ನಲ್ಲಿಯನ್ನು ತಿರುಗಿಸಿ ನಿಲ್ಲಿಸುವ ಜವಾಬ್ದಾರಿಯನ್ನು ದಿನಕ್ಕೊಂದು ತರಗತಿ ವಹಿಸಿಕೊಳ್ಳುತ್ತೇವೆ" ಎಂಬ ಮಾತು ಚಿಕ್ಕದು. ಆದರೆ ಕೇಳುವವನೂ ಹೊರೆಗೆ ಹೆಗಲು ಕೊಡುತ್ತಾನೆ ಎಂದು ಅದು ತೋರಿಸುತ್ತದೆ.

ಈ ಐದನ್ನೂ ಅರಿತು ಬರೆದ ಒಂದು ಪತ್ರ ನಮ್ಮ ಬೈಬಲ್ಲಿನಲ್ಲೇ ಇದೆ. ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರ ಅದು. ಕೇವಲ 25 ವಾಕ್ಯಗಳು, ಪೌಲರ ಪತ್ರಗಳಲ್ಲೆಲ್ಲಾ ಚಿಕ್ಕದು. ಸೆರೆಯಲ್ಲಿದ್ದ ಪೌಲರು ಒನೇಸಿಮ ಎಂಬ ದಾಸನನ್ನು ಅವನ ಯಜಮಾನನ ಬಳಿಗೆ ಹಿಂದಕ್ಕೆ ಕಳುಹಿಸುತ್ತಾ ಈ ಪತ್ರ ಬರೆದರು. ಆ ಕಾಲದಲ್ಲಿ ದಾಸನ ಬದುಕು ಯಜಮಾನನ ಕೈಯಲ್ಲಿತ್ತು, ಕಠಿಣ ಶಿಕ್ಷೆಯೂ ಸಾಧ್ಯವಿತ್ತು. ಒಬ್ಬ ಮನುಷ್ಯನ ಬಾಳು ಒಂದು ಪತ್ರವನ್ನು ನೆಚ್ಚಿಕೊಂಡಿತ್ತು.

ಪೌಲರು ಹೇಗೆ ಬರೆದರೆಂದು ನೋಡಿ. ಮೊದಲು ಫಿಲೆಮೋನನ ಪ್ರೀತಿ, ವಿಶ್ವಾಸಗಳನ್ನು ನೆನೆದು ದೇವರಿಗೆ ಕೃತಜ್ಞತೆ ಹೇಳುತ್ತಾರೆ. ಆಜ್ಞೆ ಮಾಡುವ ಧೈರ್ಯ ತಮಗಿದ್ದರೂ ಪ್ರೀತಿಯಿಂದ ಬೇಡಿಕೊಳ್ಳುತ್ತೇನೆ ಎನ್ನುತ್ತಾರೆ. ಬೇಡಿಕೆ ಒಂದೇ: ಅವನನ್ನು ದಾಸನಂತಲ್ಲ, ಸಹೋದರನಂತೆ ಸ್ವೀಕರಿಸು. ಗ್ರೀಕ್ ಭಾಷೆಯಲ್ಲಿ ಒನೇಸಿಮ ಎಂದರೆ 'ಉಪಯುಕ್ತ'. ಹಿಂದೆ ಉಪಯೋಗಕ್ಕೆ ಬಾರದವನಾಗಿದ್ದವನು ಈಗ ಇಬ್ಬರಿಗೂ ಉಪಯುಕ್ತ ಎಂದು ಆ ಹೆಸರನ್ನೇ ಕಾರಣವಾಗಿಸುತ್ತಾರೆ. ನಷ್ಟದ ಮಾತು ಬರಬಹುದೆಂದು ಮೊದಲೇ ಊಹಿಸಿ, ಅವನ ಸಾಲವೇನಾದರೂ ಇದ್ದರೆ ತಾವೇ ತೀರಿಸುವುದಾಗಿ ಸ್ವಂತ ಕೈಯಿಂದ ಬರೆದುಕೊಡುತ್ತಾರೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಎಲ್ಲವೂ ಅಲ್ಲಿದೆ. ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಗಟ್ಟಿಯಾಗಿ ಓದಿಸಿ, ಯಾವ ಮಾತು ಯಾವ ಬೆರಳಿಗೆ ಸೇರುತ್ತದೆಂದು ಮಕ್ಕಳಿಂದಲೇ ಹೇಳಿಸಬಹುದು.

ಇಲ್ಲಿ ತಂದೆತಾಯಿಗಳಿಗೆ ಎರಡು ಮಾತು. ಮೊದಲನೆಯದು, ಪತ್ರವನ್ನು ನೀವು ಬರೆದುಕೊಡಬೇಡಿ. ಕಾಗುಣಿತ ತಿದ್ದಿ, ಆದರೆ ಮಾತು ಮಗುವಿನದೇ ಇರಲಿ. ಎರಡನೆಯದು, ಕೆಲಸವಾಗಲೆಂದು ಸುಳ್ಳು ಸೇರಿಸಬೇಡಿ. ಮೂರು ಮಕ್ಕಳಿಗೆ ಹೊಟ್ಟೆನೋವು ಬಂದಿದ್ದರೆ ಮೂವತ್ತು ಎಂದು ಬರೆಸಬೇಡಿ. ಎಂಟನೆಯ ಕಟ್ಟಳೆ ಮನವಿ ಪತ್ರಕ್ಕೂ ಅನ್ವಯಿಸುತ್ತದೆ. ಒಮ್ಮೆ ಉತ್ಪ್ರೇಕ್ಷೆಯಿಂದ ಗೆದ್ದ ಮಗು ಮುಂದೆ ನಿಜವನ್ನು ನಂಬುವುದು ಕಷ್ಟ.

ಮಕ್ಕಳ ಮಾತಿಗೆ ಬೆಲೆ ಎಲ್ಲಿದೆ ಎಂದು ಕೇಳುವವರಿದ್ದಾರೆ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 1992ರಲ್ಲಿ ಭಾರತವೂ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯು ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಕ್ಕಳಿಗೆ ನೀಡಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಸಾಕಷ್ಟು ಶುದ್ಧ ಕುಡಿಯುವ ನೀರು ಇರಬೇಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಇಂಥ ಪತ್ರವನ್ನು ಮಕ್ಕಳೇ ಓದಿ ಕೊಡಬಹುದು.

ಕೇಳಿದ್ದೆಲ್ಲಾ ಸಿಗುವುದಿಲ್ಲ ಎಂಬುದನ್ನೂ ಮಗು ತಿಳಿಯಬೇಕು. ಫಿಲೆಮೋನನು ಏನು ಉತ್ತರಿಸಿದನೆಂದು ಬೈಬಲ್ ಹೇಳುವುದಿಲ್ಲ. ಪೌಲರು ಮಾಡಬೇಕಾದ್ದನ್ನು ಮಾಡಿದ್ದರು. ಉತ್ತರ ಬಾರದಿದ್ದರೆ ಒಂದು ತಿಂಗಳ ನಂತರ ನೆನಪಿನ ಪತ್ರ ಬರೆಯುವುದನ್ನು ಕಲಿಸಿ, ಬೇಸರಪಟ್ಟು ಬೈಯುವುದನ್ನಲ್ಲ.

ಮನೆಯಲ್ಲಿ ಮಾಡಲು: ಈ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಮಗುವಿಗೆ ಒಂದು ಹಾಳೆ ಕೊಡಿ. ಎಡಗೈಯನ್ನು ಅದರ ಮೇಲಿಟ್ಟು ಸುತ್ತಲೂ ಗೆರೆ ಎಳೆಯಲಿ, ಪ್ರತಿ ಬೆರಳಿನೊಳಗೆ ಒಂದೊಂದು ಉತ್ತರ ಬರೆಯಲಿ. ನಂತರ ಅದನ್ನು ನೋಡಿಕೊಂಡು ನಿಮಗೇ ಒಂದು ಮನವಿ ಪತ್ರ ಬರೆಯಲಿ. ನೀವೂ ಬರವಣಿಗೆಯಲ್ಲೇ ಉತ್ತರ ಕೊಡಿ. ಒಪ್ಪಿಗೆಯಾದರೆ ಯಾವ ದಿನಕ್ಕೆಂದು ಬರೆಯಿರಿ. ಆಗದಿದ್ದರೆ ಏಕೆ ಆಗದೆಂದು ನಿಜವಾದ ಕಾರಣ ಬರೆಯಿರಿ. ಆ ಕಾರಣ ಬರೆಯಲು ಕುಳಿತಾಗ ಪೆನ್ಸಿಲ್ ಕಚ್ಚುವ ಸರದಿ ನಮ್ಮದಾಗಬಹುದು.