ಅರ್ಥಿಂಗ್ ಆಗುವ ತನಕ ಕಂಬ ಹತ್ತಬೇಡಿ

ಲೈನ್ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ನಾನು ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದೆ: ‘ಸಪ್ಲೈ ಆಫ್ ಆಗಿದೆ’ ಎಂದು ಯಾರೇ ಹೇಳಿದರೂ ಕಂಬ ಹತ್ತಬೇಡಿ. ಸ್ಟೇಷನ್ ಆಪರೇಟರ್ ಹೇಳಲಿ, ಸೆಕ್ಷನ್ ಆಫೀಸರ್ ಹೇಳಲಿ, ಸ್ವತಃ ನಾನೇ ಹೇಳಲಿ. ಮೂರೂ ತಂತಿಗಳನ್ನು ಭೂಮಿಗೆ ಜೋಡಿಸಿದ್ದನ್ನು ಕಣ್ಣಾರೆ ಕಂಡ ಮೇಲಷ್ಟೇ ಮೇಲೆ ಹೋಗಿ. ಮಲೆನಾಡಿನ ಅಡಿಕೆ ತೋಟಗಳ ನಡುವೆ 11 ಕೆ.ವಿ. ಲೈನುಗಳನ್ನು ನೋಡಿಕೊಂಡೇ ಸೇವೆ ಮುಗಿಸಿದವನು ನಾನು. ಈ ಮಾತಿನಲ್ಲಿ ಒಂದಕ್ಷರ ಬದಲಿಸಬೇಕು ಎಂದು ಇವತ್ತಿಗೂ ಅನ್ನಿಸಿಲ್ಲ.

ಪದ್ಧತಿಯೇನೋ ಗಟ್ಟಿಯಾಗಿಯೇ ಇದೆ. ಕೆಲಸಕ್ಕೆ ಮುಂಚೆ ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ನಮ್ಮ ಬಾಯಲ್ಲಿ ಅದು ಎಲ್.ಸಿ. ಎಂದಾಗುತ್ತದೆ. ಆಪರೇಟರ್ ಬ್ರೇಕರ್ ಆಫ್ ಮಾಡಿ, ಐಸೊಲೇಟರ್ ತೆರೆದು, ಬೋರ್ಡ್ ತೂಗುಹಾಕಿ, ಪುಸ್ತಕದಲ್ಲಿ ಹೆಸರು ಮತ್ತು ಸಮಯ ಬರೆದು ನಂಬರ್ ಕೊಡುತ್ತಾರೆ. ಎಲ್.ಸಿ. ಪಡೆದವನೇ ಅದನ್ನು ವಾಪಸು ಕೊಡುವ ತನಕ ಆ ಫೀಡರ್ ಚಾರ್ಜ್ ಆಗಕೂಡದು. ಆದರೆ ಜಡಿಮಳೆಯಲ್ಲಿ ನಾಲ್ಕು ಫೀಡರ್ ಒಟ್ಟಿಗೆ ಹೋಗಿ, ಎಲ್ಲ ಫೋನುಗಳೂ ಒಬ್ಬರ ಕಿವಿಗೇ ಬೀಳುವಾಗ ಒಂದು ಊರಿನ ಹೆಸರು ಇನ್ನೊಂದಾಗಿ ಕೇಳಿಸಬಹುದು. ಕಂಬದ ಮೇಲಿನ ಜಿ.ಒ.ಎಸ್. ಸ್ವಿಚ್ಚೂ ಹಾಗೆಯೇ. ಹಿಡಿಕೆ ಎಳೆದರೆ ಮೂರೂ ಬ್ಲೇಡುಗಳು ಒಟ್ಟಿಗೆ ತೆರೆಯಬೇಕು. ತುಕ್ಕು ಹಿಡಿದಿದ್ದರೆ ಎರಡು ತೆರೆದು ಮೂರನೆಯದು ಕಚ್ಚಿಕೊಂಡೇ ಉಳಿಯುತ್ತದೆ. ಕೆಳಗೆ ಹಿಡಿಕೆಗೆ ಬೀಗ ಬಿದ್ದಿರುತ್ತದೆ, ಮೇಲೆ ಒಂದು ತಂತಿಯಲ್ಲಿ 6,350 ವೋಲ್ಟ್ ಹಾಗೇ ನಿಂತಿರುತ್ತದೆ. ಟಾರ್ಚ್ ಬೆಳಕು ಬಿಟ್ಟು ಮೂರೂ ಬ್ಲೇಡುಗಳನ್ನು ಒಂದೊಂದಾಗಿ ನೋಡಲು ಒಂದು ನಿಮಿಷವೂ ಬೇಡ.

ಇದೆಲ್ಲ ಸರಿಯಾಗಿದ್ದ ದಿನವೂ ತಂತಿಯಲ್ಲಿ ಕರೆಂಟ್ ಇರಬಹುದು. ಒಂದು ಆಷಾಢದಲ್ಲಿ, ಎರಡೇ ಮನೆಗಳಿದ್ದ 25 ಕೆ.ವಿ.ಎ. ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಕವಲು ಲೈನಿನ ಮೇಲೆ ಹಲಸಿನ ಕೊಂಬೆ ಮುರಿದು ಬಿದ್ದಿತ್ತು. ಎಲ್.ಸಿ. ಸಿಕ್ಕಿತು, ಬ್ಲೇಡುಗಳು ಮೂರೂ ತೆರೆದದ್ದನ್ನು ನೋಡಿದ್ದೂ ಆಯಿತು. ಅರ್ಥಿಂಗ್ ರಾಡಿನ ಸರಳನ್ನು ಹಸಿ ನೆಲಕ್ಕೆ ಆಳವಾಗಿ ಬಡಿದು, ಮೊದಲ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿದೆವು; ಏನೂ ಆಗಲಿಲ್ಲ. ಎರಡನೆಯದು ತಾಗುತ್ತಲೇ ಚಟ್ಟನೆ ನೀಲಿ ಕಿಡಿ ಹಾರಿತು. ಅದೇ ಕ್ಷಣಕ್ಕೆ ಗುಡ್ಡದ ಮೇಲಿನ ಮನೆಯಿಂದ ಕೇಳಿಬರುತ್ತಿದ್ದ ಜನರೇಟರಿನ ಸದ್ದು ಗಕ್ಕನೆ ನಿಂತಿತು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ನೇರವಾಗಿ ಮನೆಯ ವೈರಿಂಗಿಗೆ ಕೊಟ್ಟಿದ್ದರು. ಟಿ.ಸಿ.ಗೆ ಹಿಂದು ಮುಂದು ಎಂಬುದಿಲ್ಲ. 11,000ವನ್ನು ಮನೆಯ ವೋಲ್ಟೇಜಿಗೆ ಇಳಿಸುವ ಅದೇ ಸುರುಳಿಗಳು ಮನೆ ಕಡೆಯಿಂದ 230 ವೋಲ್ಟ್ ಬಂದರೆ ಅದನ್ನು ಸುಮಾರು 10,000ಕ್ಕೆ ಏರಿಸಿ ಲೈನಿಗೆ ಕಳಿಸುತ್ತವೆ. ರಾಡು ಹಾಕದೆ ಹತ್ತಿದ್ದರೆ ನಮ್ಮ ಹುಡುಗ ಇಳಿದು ಬರುತ್ತಿರಲಿಲ್ಲ.

ಆದ್ದರಿಂದ ಕ್ರಮ ತಪ್ಪಕೂಡದು: ರಾಡಿನ ಭೂಮಿಯ ತುದಿ ಮೊದಲು, ತಂತಿಯ ತುದಿ ಆಮೇಲೆ, ತೆಗೆಯುವಾಗ ತಂತಿಯದು ಮೊದಲು, ಭೂಮಿಯದು ಕೊನೆಗೆ. ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ಥಿಂಗ್ ಬೇಕು, ಏಕೆಂದರೆ ಕರೆಂಟ್ ಯಾವ ಕಡೆಯಿಂದ ಬರುತ್ತದೆಂದು ಗೊತ್ತಿರುವುದಿಲ್ಲ. ಗ್ಲೌಸ್, ಹೆಲ್ಮೆಟ್, ಬೆಲ್ಟ್ ಎಲ್ಲವೂ ಬೇಕು, ಅನುಮಾನವೇ ಇಲ್ಲ. ಆದರೆ ಸೂಜಿಮೊನೆಯಷ್ಟು ತೂತಿರುವ ಗ್ಲೌಸ್ ಗ್ಲೌಸೇ ಅಲ್ಲ.

ಹರಿದು ಬಿದ್ದ ತಂತಿಯ ವಿಷಯದಲ್ಲಿ ಊರವರಿಗೆ ಒಂದು ತಪ್ಪು ನಂಬಿಕೆಯಿದೆ: ಕಿಡಿ ಹಾರದಿದ್ದರೆ ಅದರಲ್ಲಿ ಕರೆಂಟಿಲ್ಲ ಎಂದು. ಒಣ ನೆಲದ ಮೇಲೆ, ಜಂಬಿಟ್ಟಿಗೆ ಕಲ್ಲಿನ ಮೇಲೆ ಬಿದ್ದ ತಂತಿಯಿಂದ ಬ್ರೇಕರ್ ಟ್ರಿಪ್ ಆಗುವಷ್ಟು ಕರೆಂಟ್ ಹರಿಯದೇ ಇರಬಹುದು. ಟ್ರಿಪ್ ಆದರೂ ಸ್ಟೇಷನ್ನಿನಲ್ಲಿ ಫೀಡರನ್ನು ಮತ್ತೊಮ್ಮೆ ಚಾರ್ಜ್ ಮಾಡಿ ನೋಡುವುದುಂಟು. ಬಿದ್ದ ತಂತಿಯ ಸುತ್ತ ನೆಲದಲ್ಲೇ ವೋಲ್ಟೇಜ್ ಹರಡಿರುತ್ತದೆ. ಒಂದು ಕಾಲು ಹತ್ತಿರ, ಇನ್ನೊಂದು ದೂರ ಇದ್ದರೆ ಆ ವ್ಯತ್ಯಾಸ ಮೈಯೊಳಗೇ ಹರಿಯುತ್ತದೆ. ಹತ್ತು ಮೀಟರ್ ದೂರವಿರಿ. ಅಷ್ಟರೊಳಗೆ ಸಿಕ್ಕಿಬಿದ್ದಿದ್ದರೆ ಓಡಬೇಡಿ. ಪಾದಗಳನ್ನು ನೆಲದಿಂದ ಎತ್ತದೆ, ಒಂದಕ್ಕೊಂದು ತಾಗಿಸಿಕೊಂಡು, ತೆವಳಿಸುತ್ತಾ ಹೊರಗೆ ಬನ್ನಿ.

ಒಂದು ಕೊಯ್ಲಿನ ದಿನ ಪಕ್ಕದ ತೋಟದಿಂದ ಕೂಗು ಕೇಳಿ ಹೋದಾಗ, ಅಡಿಕೆ ಕೊನೆ ಇಳಿಸುತ್ತಿದ್ದ ಯುವಕ ಬಿದ್ದಿದ್ದ. ಮೇಲಿನ ಲೈನಿಗೆ ತಾಗಿದ ಕಾರ್ಬನ್ ಫೈಬರ್ ದೋಟಿ ಅವನ ಪಕ್ಕದಲ್ಲೇ ಬಿದ್ದಿತ್ತು. ಈ ದೋಟಿ ಹಗುರ, ಮರ ಹತ್ತುವವರು ಸಿಗದ ಕಾಲಕ್ಕೆ ದೊಡ್ಡ ಉಪಕಾರ. ಆದರೆ ನೋಡಲು ಪ್ಲಾಸ್ಟಿಕ್ಕಿನಂತಿದ್ದರೂ ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಅವನ ಅಣ್ಣ ಓಡಿಹೋಗಿ ಎತ್ತಲು ಹೊರಟಿದ್ದ, ಇನ್ನೊಬ್ಬರು ಬಿದಿರಿನ ಕೋಲು ತಂದಿದ್ದರು. ಮನೆಯ 230 ವೋಲ್ಟಿಗೆ ಒಣ ಕೋಲು ನಡೆದೀತು, 11 ಕೆ.ವಿ.ಗೆ ಯಾವ ಕೋಲನ್ನೂ ನಂಬುವಂತಿಲ್ಲ. ಇಬ್ಬರನ್ನೂ ತಡೆದು ನಿಲ್ಲಿಸಿ ಸ್ಟೇಷನ್ನಿಗೆ ಫೋನ್ ಮಾಡಿದೆ. ಫೀಡರ್ ಆಫ್ ಆಗಿದೆ, ನೀವು ಹೇಳದೆ ಚಾರ್ಜ್ ಮಾಡುವುದಿಲ್ಲ ಎಂಬ ಉತ್ತರ ಬಂತು. ತಂತಿ ಹರಿದಿರಲಿಲ್ಲ, ದೋಟಿ ಲೈನಿನಿಂದ ಕಳಚಿ ನೆಲದಲ್ಲಿತ್ತು. ಅದನ್ನು ಕಣ್ಣಲ್ಲಿ ನೋಡಿ ಖಾತ್ರಿ ಮಾಡಿಕೊಂಡೇ ಹತ್ತಿರ ಹೋದದ್ದು. ಆ ಒಂದೆರಡು ನಿಮಿಷ ಅಣ್ಣನ ಮುಖ ನೋಡುವುದು ಕಷ್ಟವಾಗಿತ್ತು. ಆದರೂ ಎರಡನೇ ಹೆಣ ಬೀಳುವುದು ಇಂಥ ಹೊತ್ತಿನಲ್ಲೇ.

‘ಉಸಿರಾಡ್ತಿದಾನೆ, ನೀರು ಕುಡಿಸಿ’ ಎಂದರು ಯಾರೋ. ಅದು ಉಸಿರಾಟವಾಗಿರಲಿಲ್ಲ. ಹೃದಯ ನಿಂತವನ ಬಾಯಿ ಆಗೊಮ್ಮೆ ಈಗೊಮ್ಮೆ ಮೀನಿನಂತೆ ತೆರೆದು ಎಳೆದುಕೊಳ್ಳುತ್ತದೆ. ಅದನ್ನು ನಂಬಿ ಕೈಕಾಲು ತಿಕ್ಕುತ್ತಾ ಕುಳಿತರೆ ಜೀವ ಹೋಗುತ್ತದೆ. ಎದೆಯ ನಡುವಿನ ಎಲುಬಿನ ಮೇಲೆ ಅಂಗೈಯ ಬುಡವಿಟ್ಟು, ಮೊಣಕೈ ಮಡಚದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ತರಬೇತಿ ಇದ್ದವರು ಪ್ರತಿ 30 ಒತ್ತಿಗೆ ಎರಡು ಉಸಿರು ಕೊಡಬಹುದು. ಇಲ್ಲದವರು ಒತ್ತುತ್ತಲೇ ಇರಲಿ. ತೋಳು ಸೋತು ಹೋಗುತ್ತದೆ, ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು. ನಾನೂ ಅವನ ಅಣ್ಣನೂ ಸರದಿಯಲ್ಲಿ ಒತ್ತಿದೆವು. 108 ಆಂಬುಲೆನ್ಸ್ ಬರುವ ಹೊತ್ತಿಗೆ ಅವನು ಕೆಮ್ಮಿದ.

ನಮ್ಮ ಕಾಲದ ಸ್ಟೇಷನ್ನಿನ ಗೋಡೆಯಲ್ಲಿದ್ದ ಚಾರ್ಟಿನಲ್ಲಿ ಬೇರೆಯದೇ ಇತ್ತು: ಆಘಾತವಾದವನನ್ನು ಬೋರಲು ಮಲಗಿಸಿ ಬೆನ್ನು ಒತ್ತುವ ಶೇಫರ್ ವಿಧಾನ. ಅದು ಈಗ ಹಳತಾಗಿದೆ. ಇಂದಿನ ಎದೆ ಒತ್ತುವ ವಿಧಾನ ಬಂದದ್ದರ ಹಿಂದೆ ಒಬ್ಬ ಎಲೆಕ್ಟ್ರಿಕಲ್ ಎಂಜಿನಿಯರ್ ಇದ್ದಾರೆ ಎಂಬುದು ನನಗೆ ಹೆಮ್ಮೆಯ ವಿಷಯ. ಅಮೆರಿಕದಲ್ಲಿ ಶಾಕ್ ಹೊಡೆದು ಸಾಯುತ್ತಿದ್ದ ಲೈನ್‌ಮನ್‌ಗಳ ಚಿಂತೆಯಿಂದಲೇ ವಿಲಿಯಂ ಕೌವೆನ್‌ಹೋವನ್ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಿದ್ಯುತ್ತಿಗೂ ಹೃದಯಕ್ಕೂ ಇರುವ ಸಂಬಂಧವನ್ನು ಅಭ್ಯಾಸ ಮಾಡಿದರು; 1960ರಲ್ಲಿ ಜೂಡ್ ಮತ್ತು ನಿಕರ್‌ಬಾಕರ್ ಅವರೊಂದಿಗೆ ಈ ವಿಧಾನವನ್ನು ಪ್ರಕಟಿಸಿದರು. ಪ್ರತಿ ಲೈನ್‌ಮನ್‌ಗೂ ಇದು ಕೈಯಲ್ಲಿ ಬರಬೇಕು, ಕಾಗದದಲ್ಲಿದ್ದರೆ ಸಾಲದು.

ಎದ್ದು ಕುಳಿತು ಮಾತನಾಡಿದವರನ್ನೂ ಮನೆಗೆ ಕಳಿಸಬೇಡಿ. ಹೈವೋಲ್ಟೇಜ್ ಮೈಯೊಳಗೆ ಹೊಕ್ಕು ಹೊರಟ ಜಾಗಗಳಲ್ಲಿ ಸಣ್ಣ ಕಪ್ಪು ಗುರುತಷ್ಟೇ ಕಾಣುತ್ತದೆ, ಒಳಗಿನ ಸ್ನಾಯು ಬೆಂದಿರುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಅಪಾಯ ಬಂದಿದೆ ಎಂದರ್ಥ. ಹೃದಯದ ಬಡಿತವೂ ಏರುಪೇರಾಗಬಹುದು. ಆ ಯುವಕ ಉಳಿದ. ಬಲಗೈಯ ಎರಡು ಬೆರಳು ಹೋದವು.

ತೋಟದ ಮೇಲೆ ಲೈನ್ ಹಾದುಹೋಗಿರುವ ಬೆಳೆಗಾರರಲ್ಲಿ ನನ್ನ ಕೋರಿಕೆ ಇದು. ಕೊಯ್ಲಿಗೆ, ಔಷಧಿ ಹೊಡೆಯುವುದಕ್ಕೆ ಮುಂಚೆ ನಿಮ್ಮ ಸೆಕ್ಷನ್ ಕಚೇರಿಗೆ ಇಲ್ಲವೇ 1912ಕ್ಕೆ ಫೋನ್ ಮಾಡಿ. ಲೈನ್‌ಮನ್ ಬಂದು, ಲೈನ್ ಆಫ್ ಮಾಡಿಸಿ, ನಿಮ್ಮೆದುರೇ ಅರ್ಥಿಂಗ್ ಹಾಕಿದ ಮೇಲೆ ದೋಟಿ ಎತ್ತಿ. ಮನೆಯಲ್ಲಿ ಜನರೇಟರ್ ಇದ್ದರೆ ಈ ವಾರವೇ ಚೇಂಜ್‌ಓವರ್ ಸ್ವಿಚ್ ಹಾಕಿಸಿ.